ಮಗನಿಗೆ ಹೊಳೆಯಲ್ಲಿ ಈಜು ಕಲಿಸಬಹುದೇ?

ಪ್ರಶ್ನೆ, ಮೈಸೂರಿನಿಂದ: ನಾನು ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಕಾವೇರಿಯಲ್ಲೇ ಈಜು ಕಲಿತವನು. ಹತ್ತು ವರ್ಷದ ಮಗನನ್ನೂ ಶ್ರೀರಂಗಪಟ್ಟಣದ ಹೊಳೆಗೆ ಇಳಿಸುವ ಆಸೆ. ನೀರು ಕೆಟ್ಟಿದೆ ಎಂದು ಮನೆಯಲ್ಲಿ ತಡೆಯುತ್ತಿದ್ದಾರೆ. ಈಗಲೂ ಇಳಿಯುವವರು ದಯವಿಟ್ಟು ತಿಳಿಸಿ.

ಶ್ರೀರಂಗಪಟ್ಟಣದಿಂದ: ಅಣ್ಣ, ಮೂವತ್ತು ವರ್ಷಗಳಿಂದ ಇದೇ ಹೊಳೆಯಲ್ಲಿ ಈಜುತ್ತಿದ್ದೇನೆ. ಆಸೆ ಬಿಡಬೇಡಿ, ಆದರೆ ಪಶ್ಚಿಮವಾಹಿನಿಯ ಕಡೆ ಬೇಡ. ಅಸ್ಥಿ ಬಿಡಲು ಬಂದವರು ಅಲ್ಲಿ ಬಟ್ಟೆಯನ್ನೂ ನೀರಿಗೇ ಬಿಡುತ್ತಾರೆ. ಹೋದ ವರ್ಷ ಮೆಟ್ಟಿಲಿನಿಂದ ನಾಲ್ಕು ಮಾರು ದೂರದಲ್ಲಿ ನನ್ನ ಕಾಲಿಗೆ ಪಂಚೆಯೊಂದು ಸುತ್ತಿಕೊಂಡಿತು. ಒದ್ದಷ್ಟೂ ಬಿಗಿಯಾಯಿತು. ಹೇಗೋ ದಡ ಸೇರಿ ಬಿಚ್ಚಿದರೆ ಅಂಚಿನ ಜರಿ ಇನ್ನೂ ಮಿನುಗುತ್ತಿತ್ತು, ಮಡಿಕೆಯ ತುಂಬ ಕಪ್ಪು ಕೆಸರು. ನನ್ನ ಪಾಡೇ ಹೀಗಾದರೆ ಮಗುವಿನ ಗತಿ ಏನು? ಈಗ ಚರಂಡಿ ಸೇರುವುದಕ್ಕಿಂತ ಮೇಲೆ, ಹರಿವಿದ್ದು ತಳ ಕಾಣುವ ಕಡೆ ಮಾತ್ರ ಇಳಿಯುತ್ತೇನೆ. ಮೊದಲ ಮಳೆ ಬಿದ್ದರೆ ಒಂದು ವಾರ ಆ ಕಡೆ ತಲೆ ಹಾಕುವುದಿಲ್ಲ. ಬೇಸಿಗೆಯಿಡೀ ಮೋರಿಯಲ್ಲಿ ಕಟ್ಟಿದ್ದೆಲ್ಲ ಒಮ್ಮೆಗೇ ಹೊಳೆಗೆ ನುಗ್ಗುತ್ತದೆ.

ನಂಜನಗೂಡಿನಿಂದ: ತಳ ಕಂಡರೆ ಸಾಕು ಎಂಬುದನ್ನು ನಾನು ಒಪ್ಪುವುದಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡದಂತೆ ಸ್ನಾನದ ನೀರಿನಲ್ಲಿ, ಕೊಳಚೆ ಬೆರೆತಿರುವುದರ ಸೂಚನೆಯಾದ ಕೋಲಿಫಾರ್ಮ್ ಬ್ಯಾಕ್ಟೀರಿಯಾ 100 ಮಿಲಿಲೀಟರಿಗೆ 500 ಮೀರಬಾರದು. ಅದನ್ನು ಕಣ್ಣು ಹೇಳುವುದಿಲ್ಲ. ಹಿಮ್ಮಡಿ ಒಡೆದಿದ್ದ ನನ್ನ ತಮ್ಮ ಕಪಿಲೆಯಲ್ಲಿ ಈಜಿ ಬಂದ. ಹತ್ತನೆಯ ದಿನ ಜ್ವರ, ಕೆಂಡದಂತಹ ಕಣ್ಣು, ಮುಟ್ಟಲಾಗದಷ್ಟು ಮೀನಖಂಡದ ನೋವು. ಇಲಿಜ್ವರ. ಇಲಿಯ ಮೂತ್ರ ಬೆರೆತ ನೀರಿನಿಂದ ರೋಗಾಣು ಗಾಯದ ಮೂಲಕ ಒಳಹೊಗುತ್ತದೆ. ಹೊಳೆಗೆ ಇಳಿದಿದ್ದನ್ನು ಹೇಳಿದ ಮೇಲೆಯೇ ವೈದ್ಯರು ಆ ಪರೀಕ್ಷೆ ಬರೆದುಕೊಟ್ಟರು. ನೀವು ಇಳಿದರೆ, ಜ್ವರ ಬಂದಾಗ ಇದನ್ನು ಮೊದಲು ಹೇಳಿ. ಮಗನ ಮೈಮೇಲೆ ತರಚು ಗಾಯವಿದ್ದರೂ ಅಂದು ಬೇಡ.

ಮಂಡ್ಯದಿಂದ: ಹೊಳೆ ಬೇಡವೆಂದು ವಿಶ್ವೇಶ್ವರಯ್ಯ ನಾಲೆಗಂತೂ ಇಳಿಸಬೇಡಿ. ಸೆಳೆತ ಹೆಚ್ಚು, ಇಳಿಜಾರು ದಡದ ತುಂಬ ಪಾಚಿ, ಹಿಡಿದುಕೊಳ್ಳಲು ಒಂದು ಬೇರೂ ಸಿಗದು. ನನ್ನ ಮಗಳು ಕಲಿತದ್ದು ತೋಟದ ಬಾವಿಯಲ್ಲಿ. ನಿಮಗೆ ಸರಸ್ವತಿಪುರಂನ ವಿಶ್ವವಿದ್ಯಾನಿಲಯದ ಈಜುಕೊಳವೇ ಹತ್ತಿರ. ಮಕ್ಕಳು ನೀರು ಕುಡಿಯುವುದೆಲ್ಲ ಕಲಿಯುವ ಮೊದಲ ದಿನಗಳಲ್ಲೇ, ಆ ದಿನಗಳು ಅಲ್ಲಿ ಕಳೆಯಲಿ. ಬಾಯಿ ಮುಚ್ಚಿ ಈಜಲು ಬಂದ ಮೇಲೆ ಹೊಳೆಗೆ ಕರೆದುಕೊಂಡು ಹೋಗಿ. ನಮ್ಮ ಅಟ್ಟದ ಮೇಲೆ ಎರಡು ಸೋರೆಬುರುಡೆಗಳಿವೆ, ಒಂದನ್ನು ನಿಮ್ಮ ಮಗನಿಗೆಂದು ಎತ್ತಿಡುತ್ತೇನೆ.