ಮನೆಯಲ್ಲಿ 68.4, ಆಸ್ಪತ್ರೆಯಲ್ಲಿ 70.1: ಯಾವ ತೂಕ ನಂಬೋದು?

ಶಿರಸಿ ಹುಡುಗಿ: ಅಪ್ಪನಿಗೆ ಹಾರ್ಟ್ ವೀಕ್ ಇದೆ. ಮೈಯಲ್ಲಿ ನೀರು ತುಂಬಿದರೆ ಗೊತ್ತಾಗಲಿ ಅಂತ ದಿನಾ ತೂಕ ನೋಡಿ, ಮೂರು ದಿನದಲ್ಲಿ 2 ಕೆಜಿಗಿಂತ ಜಾಸ್ತಿ ಏರಿದರೆ ಫೋನ್ ಮಾಡಿ ಎಂದಿದ್ದಾರೆ ಡಾಕ್ಟರ್. ಇವತ್ತು ಬೆಳಿಗ್ಗೆ ಮನೆಯಲ್ಲಿ 68.4 ಇತ್ತು, ಮಧ್ಯಾಹ್ನ ಚೆಕಪ್‌ನಲ್ಲಿ 70.1. ಅಪ್ಪ ಗಾಬರಿಯಾಗಿದ್ದಾರೆ. ನಮ್ಮ ಮಷೀನ್ ಕೆಟ್ಟಿದೆಯಾ?

ರಾಗಿಮುದ್ದೆ: ಮನೆಯದ್ದನ್ನು ಗುಜರಿಗೆ ಹಾಕಿ. ಆಸ್ಪತ್ರೆಯದ್ದೇ ಸರಿ.

ನೈಟ್ ಡ್ಯೂಟಿ ಸಿಸ್ಟರ್: ಸುಮ್ನೆ ಯಾಕೆ ಗುಜರಿಗೆ? ಅಪ್ಪ ಏನು ಹಾಕಿಕೊಂಡು ಹತ್ತಿದರು? ನಮ್ಮಲ್ಲಿ ಬರುವವರು ಚಪ್ಪಲಿ ಮಾತ್ರ ಬಿಡುತ್ತಾರೆ. ಪ್ಯಾಂಟು, ಬೆಲ್ಟು, ಸ್ವೆಟರ್, ಜೇಬಿನಲ್ಲಿ ಮೊಬೈಲು, ಬೀಗದ ಕೈ ಗೊಂಚಲು, ಎಲ್ಲ ಮೈಮೇಲೇ. ಅದೇ ಒಂದು ಕೆಜಿ ದಾಟಬಹುದು. ಮೇಲೆ ತಿಂಡಿ, ಊಟ. ಅರ್ಧ ಲೀಟರ್ ನೀರು ಕುಡಿದರೆ ಅರ್ಧ ಕೆಜಿ ಏರಲೇಬೇಕಲ್ವಾ?

ತಕ್ಕಡಿ ರಿಪೇರಿ: ಮಷೀನ್ ಎಲ್ಲಿಟ್ಟಿದ್ದೀರಿ ಅನ್ನೋದೂ ಮುಖ್ಯ. ಗಾಜಿನ ಹಲಗೆಯ ಕೆಳಗೆ ನಾಲ್ಕು ಕಾಲು, ಒಂದೊಂದರಲ್ಲೂ ಒಂದು ಲೋಡ್ ಸೆಲ್. ಭಾರ ಬಿದ್ದಾಗ ಅದರ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಅದನ್ನೇ ಅಳೆದು ಕೆಜಿ ತೋರಿಸುವುದು. ಮೆತ್ತನೆ ಕಾರ್ಪೆಟ್ ಮೇಲಿಟ್ಟರೆ ಕಾಲು ಹೂತುಹೋಗಿ ತಳ ತಾಗುತ್ತದೆ, ಲೆಕ್ಕ ತಪ್ಪುತ್ತದೆ. ಒಂದು ಕಾಲು ಅಲುಗಾಡಿದರೂ ಅಷ್ಟೇ.

ರಾಗಿಮುದ್ದೆ: ಅದೇ ನಾನು ಹೇಳಿದ್ದು. ಆಸ್ಪತ್ರೆಯದ್ದು ಪಕ್ಕಾ.

ತಕ್ಕಡಿ ರಿಪೇರಿ: ಅದೂ ಎಲ್ಲ ಕಡೆ ಅಲ್ಲ ಸ್ವಾಮಿ. ಎಷ್ಟೋ ಕ್ಲಿನಿಕ್‌ಗಳಲ್ಲಿ ಮೇಜಿನ ಪಕ್ಕ ಇರುವುದು ಮುಳ್ಳು ತಿರುಗುವ ಸ್ಪ್ರಿಂಗ್ ಮಷೀನು. ಯಾರೂ ಹತ್ತದಾಗ ಮುಳ್ಳು ಸೊನ್ನೆಯ ಮೇಲಿದೆಯಾ ಅಂತ ನೋಡಿ, ಗೊತ್ತಾಗುತ್ತೆ. ತರಕಾರಿ ಅಂಗಡಿಯ ತಕ್ಕಡಿಗಾದರೂ ತೂಕ-ಅಳತೆ ಇಲಾಖೆಯ ಸೀಲ್ ಹುಡುಕುತ್ತೇವೆ, ಇಲ್ಲಿ ಕೇಳುವುದೇ ಇಲ್ಲ.

ಲಂಡನ್ ಕನ್ನಡಿಗ: ಇನ್ನೊಂದು ಕಾರಣ ಗುರುತ್ವ. ಲಂಡನ್ನಿಗಿಂತ ಬೆಂಗಳೂರಿನಲ್ಲಿ ಭೂಮಿಯ ಎಳೆತ ಸುಮಾರು 0.3% ಕಮ್ಮಿ. ಲಂಡನ್ನಿನಲ್ಲಿ ಸರಿಹೊಂದಿಸಿದ ಮಷೀನ್ ಬೆಂಗಳೂರಿನಲ್ಲಿ 70 ಕೆಜಿಗೆ 200 ಗ್ರಾಂಗಿಂತ ತುಸು ಜಾಸ್ತಿಯೇ ಕಮ್ಮಿ ತೋರಿಸುತ್ತದೆ. ಪಟ್ಟಿಯ ಮೇಲೆ ತೂಕದ ಬೊಟ್ಟು ಸರಿಸುವ ಹಳೇ ತಕ್ಕಡಿಗೆ ಈ ತೊಂದರೆ ಇಲ್ಲ. ಎರಡೂ ಬದಿಗೆ ಒಂದೇ ಎಳೆತ.

ರಾಗಿಮುದ್ದೆ: ಲಂಡನ್ನಿಂದ ಮಷೀನ್ ಹೊತ್ತು ತರೋರು ಯಾರು ಮಾರಾಯ್ರೆ! ಈ ಹುಡುಗಿಯ ಅಪ್ಪನ ಲೆಕ್ಕ ತಪ್ಪಿರೋದು 1.7 ಕೆಜಿ.

ಶಿರಸಿ ಹುಡುಗಿ: ಅಪ್ಪ ಊಟ ಮಾಡಿ, ಸ್ವೆಟರ್ ಹಾಕಿಕೊಂಡೇ ಹೋಗಿದ್ದರು. ಮನೆ ಮಷೀನ್ ಜಮಖಾನದ ಮೇಲಿತ್ತು. ಹಾಗಾದರೆ ಡಾಕ್ಟರಿಗೆ ಯಾವ ನಂಬರ್ ಹೇಳಲಿ?

ನೈಟ್ ಡ್ಯೂಟಿ ಸಿಸ್ಟರ್: ಮನೆಯದ್ದು. ಆದರೆ ಮನೆಯದ್ದನ್ನು ಮನೆಯದ್ದಕ್ಕೇ ಹೋಲಿಸಿ. ಮಷೀನನ್ನು ಟೈಲ್ಸ್ ಮೇಲಿಡಿ. ಬೆಳಿಗ್ಗೆ ಮೂತ್ರ ಮಾಡಿ ಬಂದ ಮೇಲೆ, ಕಾಫಿಗೆ ಮೊದಲು, ಬರೀ ಪಂಚೆಯಲ್ಲಿ ಹತ್ತಿಸಿ ಕ್ಯಾಲೆಂಡರಿನಲ್ಲಿ ಬರೆದಿಡಿ. ಕಾಲು ಊದಿದರೆ, ಮಲಗಿದಾಗ ಉಸಿರು ಕಟ್ಟಿದರೆ ಮಷೀನ್ ಏನೇ ಹೇಳಲಿ, ಫೋನ್ ಮಾಡಿ. ಕೀಮೋ, ಮಕ್ಕಳ ಔಷಧಿ ತರಹ ತೂಕ ನೋಡಿ ಡೋಸ್ ಕೊಡುವಾಗ ಮಾತ್ರ ಆಸ್ಪತ್ರೆಯಲ್ಲೇ ತೂಗಬೇಕು.

ತಕ್ಕಡಿ ರಿಪೇರಿ: ಇನ್ನೊಂದು. ಕೆಲವು ಡಿಜಿಟಲ್ ಮಷೀನ್ ಸಣ್ಣ ವ್ಯತ್ಯಾಸ ಇದ್ದರೆ ಹಿಂದಿನ ನಂಬರನ್ನೇ ಮತ್ತೆ ತೋರಿಸುತ್ತವೆ, ಎರಡು ಸಲ ಒಂದೇ ಬಂತು ಅಂತ ನಂಬಬೇಡಿ. ಒಂದು ಸಲ ಹತ್ತಿ ಇಳಿಯಿರಿ. ಆಮೇಲೆ ಒಡೆಯದ ಒಂದು ಕೆಜಿ ಸಕ್ಕರೆ ಪ್ಯಾಕೆಟ್ ಹಿಡಿದು ಹತ್ತಿ. ಸರಿಯಾಗಿ ಒಂದು ಕೆಜಿ ಏರಿದರೆ ಅಪ್ಪನ ಕೆಲಸಕ್ಕೆ ಆ ಮಷೀನ್ ಸಾಕು.