ಸಂಗೀತ ತರಗತಿಗೆ ಹಾರ್ಮೋನಿಯಂ, ತಬಲ: ದುಡ್ಡು ಎಲ್ಲಿಂದ ಹೊಂದಿಸಲಿ?

ಪ್ರಶ್ನೆ: ಸಂಗೀತ ಶಿಕ್ಷಕಿ, ಸರ್ಕಾರಿ ಪ್ರೌಢಶಾಲೆ, ಧಾರವಾಡ ಜಿಲ್ಲೆ
ನಮ್ಮಲ್ಲಿರುವುದು ಒಂದೇ ಹಾರ್ಮೋನಿಯಂ. ತಿದಿಯ ಮಡಿಕೆ ಹರಿದಿದೆ, ಬಟ್ಟೆ ಅಂಟಿಸಿ ನುಡಿಸುತ್ತೇನೆ. ಮಧ್ಯ ಸಪ್ತಕದ ಪಂಚಮ ಒತ್ತಿದರೆ ಬರೀ ಗಾಳಿ. ಆ ಸ್ವರ ಬಂದಾಗ ಮಕ್ಕಳೇ ಜೋರಾಗಿ ಹಾಡಿ ತುಂಬುತ್ತಾರೆ. ನನಗೆ ಕಣ್ಣು ತುಂಬಿ ಬರುತ್ತದೆ. ತಬಲ ಹರಿದು ವರ್ಷವಾಯಿತು. ಬರುವ ಅನುದಾನ ರಿಪೇರಿ, ಸೀಮೆಸುಣ್ಣಕ್ಕೇ ಸಾಲದು. ಬೇರೆ ದಾರಿ ಇದೆಯಾ?

ಉತ್ತರ 1: ನಿವೃತ್ತ ಮುಖ್ಯೋಪಾಧ್ಯಾಯ
ಮೇಡಂ, ಮೊದಲು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ವಿಷಯ ಇಡಿ, ನಡಾವಳಿಯಲ್ಲಿ ಬರೆಸಿ. ಆ ಕಾಗದ ಇಲ್ಲದೆ ಯಾವ ದಾನಿಯ ಹತ್ತಿರ ಹೋದರೂ ಮಾತು ಮುಂದೆ ಹೋಗುವುದಿಲ್ಲ. ಎರಡು ಅಂಗಡಿಯ ದರಪಟ್ಟಿಯೂ ಇರಲಿ. ಹಾರ್ಮೋನಿಯಂ ಮಾತ್ರ ರಿಪೇರಿ ಮಾಡಿಸಿ, ಹೊಸದಕ್ಕಿಂತ ಬಹಳ ಕಡಿಮೆ ಖರ್ಚು.

ಉತ್ತರ 2: ಹುಬ್ಬಳ್ಳಿಯ ಶಿಕ್ಷಕಿ
ಅಕ್ಕಾ, ಶಾಲೆಗಳು ತಮಗೆ ಬೇಕಾದ್ದನ್ನು ದಾನಿಗಳ ಮುಂದಿಡಲು ಕೇಂದ್ರ ಸರ್ಕಾರದ ವಿದ್ಯಾಂಜಲಿ ಪೋರ್ಟಲ್ 2021ರಿಂದ ಇದೆ. ಅಲ್ಲಿ ನಗದು ಕೇಳುವಂತಿಲ್ಲ, ವಸ್ತು ಕೇಳಬಹುದು. 'ಸಂಗೀತ ವಾದ್ಯಗಳು' ಅಂತ ಸುಮ್ನೆ ಹಾಕಬೇಡಿ. 'ತಬಲ ಒಂದು ಜೋಡಿ' ಅಂತ ಬಿಡಿಸಿ ಬರೆಯಿರಿ. ಹಾಕಿದ ಮೇಲೆ ಲಿಂಕನ್ನು ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಕಳಿಸಿ. ನಮಗೆ ತಬಲ ಸಿಕ್ಕಿದ್ದು ಹಾಗೆಯೇ.

ಉತ್ತರ 3
ಹತ್ತಿರದ ಕಾರ್ಖಾನೆಗಳ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ವಿಭಾಗಕ್ಕೂ ಬರೆಯಿರಿ. 2013ರ ಕಂಪನಿ ಕಾಯ್ದೆಯಲ್ಲಿ ಶಿಕ್ಷಣಕ್ಕೆ ಖರ್ಚು ಮಾಡಲು ಅವಕಾಶವಿದೆ. ಆರ್ಥಿಕ ವರ್ಷ ಮುಗಿಯುವ ಮಾರ್ಚ್‌ವರೆಗೆ ಕಾಯಬೇಡಿ.

ಪ್ರಶ್ನೆ ಕೇಳಿದವರು
ತುಂಬಾ ಉಪಕಾರವಾಯಿತು. ಶನಿವಾರವೇ ಸಭೆ ಇದೆ. ಮಕ್ಕಳು ಪಂಚಮ ತುಂಬುವುದನ್ನು ಅಲ್ಲೇ ಹಾಡಿಸಿ ತೋರಿಸುತ್ತೇನೆ.