ಒಂಬತ್ತನೇ ತರಗತಿಯ ಹುಡುಗಿ ಕೇಳಿದ್ದು: ಅಥೆನ್ಸಿನಲ್ಲಿ ನಾನಿದ್ದಿದ್ದರೆ ಏನಾಗಿರುತ್ತಿದ್ದೆ?

ಪ್ರಶ್ನೆ: ಸಮಾಜ ವಿಜ್ಞಾನದ ಟೀಚರ್

ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಗ್ರೀಸಿನ ಪಾಠ ಬಂದಾಗಲೆಲ್ಲ ಬೋರ್ಡಿನ ಮೇಲೆ 'ಪ್ರಜಾಪ್ರಭುತ್ವದ ತವರು ಅಥೆನ್ಸ್' ಅಂತ ದೊಡ್ಡದಾಗಿ ಬರೆದು ಮುಂದಕ್ಕೆ ಹೋಗುತ್ತಿದ್ದೆ. ಈ ವಾರವೂ ಬರೆದು ತಿರುಗಿದೆ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಿದ್ದಳು.

"ಮಿಸ್, ಆಗ ನಾನು ಅಲ್ಲಿದ್ದಿದ್ದರೆ ಏನಾಗಿರುತ್ತಿದ್ದೆ?"

ನಿನಗೆ ಓಟು ಇರುತ್ತಿರಲಿಲ್ಲಮ್ಮ ಅಂದೆ.

"ನಮ್ಮಪ್ಪನಿಗೆ?"

ಅಪ್ಪ ಅಥೆನ್ಸಿನವರೇ ಆಗಿದ್ದರೆ ಇರುತ್ತಿತ್ತು. ಬೇರೆ ಊರಿಂದ ಬಂದು ನೆಲೆಸಿದವರಾದರೆ ಇಲ್ಲ. ಗುಲಾಮರಾದರೆ ಕೇಳುವುದೇ ಬೇಡ.

"ಮತ್ತೆ ಅದನ್ನ ಪ್ರಜಾಪ್ರಭುತ್ವ ಅಂತ ಯಾಕೆ ಕರೀತೀವಿ ಮಿಸ್?"

ಅಷ್ಟರಲ್ಲಿ ಗಂಟೆ ಹೊಡೆಯಿತು. ಮಕ್ಕಳು ಹೋದರು, ಆ ಪ್ರಶ್ನೆ ಹೋಗಲಿಲ್ಲ.

ಅಥೆನ್ಸನ್ನು ಮಾತ್ರ ಬೈದು ಮುಗಿಸುವುದಕ್ಕೂ ಮನಸ್ಸು ಒಪ್ಪುತ್ತಿಲ್ಲ. ಇಡೀ ದೇಶದ ಹೆಂಗಸರಿಗೆ ಓಟು ಕೊಟ್ಟ ಮೊದಲ ದೇಶ ನ್ಯೂಜಿಲೆಂಡ್, ಅದು 1893ರಲ್ಲಿ. ಬೆಟ್ಟದ ಬಯಲಲ್ಲಿ ಕೈಯೆತ್ತಿ ತೀರ್ಮಾನ ಮಾಡುವ ಹಳೇ ಪದ್ಧತಿಗೆ ಹೆಸರಾದ ಸ್ವಿಟ್ಜರ್ಲೆಂಡಿನಲ್ಲಿ ಹೆಂಗಸರು ರಾಷ್ಟ್ರಮಟ್ಟದಲ್ಲಿ ಓಟು ಪಡೆದದ್ದು 1971ರಲ್ಲಿ. ಖುದ್ದು ಗ್ರೀಸಿನಲ್ಲಿ ಹೆಂಗಸರಿಗೆ ಪೂರ್ತಿ ಹಕ್ಕು ಸಿಕ್ಕಿದ್ದು 1952ರಲ್ಲಿ. ಹಾಗಾದರೆ ಆ ಅಥೆನ್ಸಿನಲ್ಲಿ ನಿಜವಾಗಿ ಇದ್ದದ್ದೇನು? ಇವತ್ತು ನಮ್ಮಲ್ಲಿ ಇಲ್ಲದ್ದು ಏನಾದರೂ ಅವರಲ್ಲಿ ಇತ್ತೇ? ಹದಿನಾಲ್ಕು ವರ್ಷದ ಹುಡುಗಿಗೆ ಅರ್ಥವಾಗುವ ಹಾಗೆ ಹೇಳಬೇಕು. ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ 1: ಅಗೋರಾ ನೋಡಿ ಬಂದವನು

ಮೇಡಂ, ಇತ್ತು. ಅದನ್ನು ಕಣ್ಣಾರೆ ನೋಡಿದ್ದೇನೆ.

ಅಥೆನ್ಸಿನ ಹಳೇ ಅಗೋರಾದಲ್ಲಿ, ಅಂದರೆ ಆಗಿನ ಸಂತೆ, ಕೋರ್ಟು, ಕಚೇರಿ ಎಲ್ಲ ಇದ್ದ ಬಯಲಿನಲ್ಲಿ, ಒಂದು ವಸ್ತು ಸಂಗ್ರಹಾಲಯ ಇದೆ. ಅಲ್ಲಿ ಒಡೆದ ಕಲ್ಲಿನ ಚಪ್ಪಡಿಯೊಂದನ್ನು ಇಟ್ಟಿದ್ದಾರೆ. ಮೈತುಂಬ ಸಾಲುಸಾಲಾಗಿ ಸಣ್ಣ ಸೀಳುಗಳು. ಮೊದಲು ನೋಡಿದಾಗ ಏನೆಂದು ತಿಳಿಯಲಿಲ್ಲ. ಅದರ ಹೆಸರು ಕ್ಲೆರೊಟೇರಿಯನ್, ಚೀಟಿ ಎತ್ತುವ ಯಂತ್ರ. ಪ್ರತಿ ನಾಗರಿಕನೂ ತನ್ನ ಹೆಸರು, ಊರಿನ ಹೆಸರು ಕೊರೆದ ಕಂಚಿನ ಪಟ್ಟಿಯನ್ನು ಕೊಡುತ್ತಿದ್ದ. ಅವನ್ನೆಲ್ಲ ಆ ಸೀಳುಗಳಿಗೆ ಸಿಕ್ಕಿಸುತ್ತಿದ್ದರು. ಪಕ್ಕದ ಕೊಳವೆಗೆ ಬಿಳಿ, ಕಪ್ಪು ಗುಂಡುಗಳನ್ನು ಕಲಸಿ ಸುರಿಯುತ್ತಿದ್ದರು. ಕೆಳಗಿನಿಂದ ಒಂದೊಂದೇ ಗುಂಡು ಬೀಳುತ್ತದೆ. ಬಿಳಿ ಬಿದ್ದರೆ ಆ ಅಡ್ಡ ಸಾಲಿನವರೆಲ್ಲ ಅವತ್ತು ನ್ಯಾಯ ಹೇಳುವುದಕ್ಕೆ ಕೂರಬೇಕು. ಕಪ್ಪು ಬಿದ್ದರೆ ಪಟ್ಟಿ ವಾಪಸ್ ತೆಗೆದುಕೊಂಡು ಮನೆಗೆ.

ಅದರ ಮುಂದೆ ಬಹಳ ಹೊತ್ತು ನಿಂತಿದ್ದೆ. ನಾವು ಪ್ರಜಾಪ್ರಭುತ್ವ ಅಂದ ಕೂಡಲೇ ಚುನಾವಣೆ ಅನ್ನುತ್ತೇವೆ. ಅರಿಸ್ಟಾಟಲ್ ಕಾಲದವರ ಲೆಕ್ಕ ಬೇರೆ: ಚುನಾವಣೆಯಲ್ಲಿ ಹೆಸರಿದ್ದವನು, ಹಣವಿದ್ದವನು ಗೆಲ್ಲುತ್ತಾನೆ, ಆದ್ದರಿಂದ ಅದು ಕೆಲವರ ಆಳ್ವಿಕೆಯ ಕಡೆ ವಾಲುತ್ತದೆ, ಚೀಟಿಯಲ್ಲಿ ಯಾರಿಗೆ ಬೇಕಾದರೂ ಬರುತ್ತದೆ, ಆದ್ದರಿಂದ ಅದೇ ಪ್ರಜೆಗಳದ್ದು. ಯುದ್ಧ ನಡೆಸುವ ಹತ್ತು ಸೇನಾಪತಿಗಳಂಥ ಕೆಲವರನ್ನು ಮಾತ್ರ ಅವರು ಓಟು ಹಾಕಿ ಆರಿಸುತ್ತಿದ್ದರು, ಯಾಕೆಂದರೆ ಅಲ್ಲಿ ಅನುಭವ ಬೇಕು. ಉಳಿದ ಹುದ್ದೆಗಳು ಬಹುಪಾಲು ಚೀಟಿಯವು.

ನಿಮ್ಮ ಹುಡುಗಿಗೆ ಈ ಒಂದು ಹುದ್ದೆಯ ಕಥೆ ಹೇಳಿ. ಅಥೆನ್ಸಿನ ನಾಯಕ ಕ್ಲೈಸ್ತನೀಸ್ ಕ್ರಿ.ಪೂ. 508ರ ಹೊತ್ತಿಗೆ ಹಾಕಿಕೊಟ್ಟ ಏರ್ಪಾಟಿನಲ್ಲಿ ಹತ್ತು ಪಂಗಡ, ಪಂಗಡಕ್ಕೆ 50ರಂತೆ 500 ಜನರ ಮಂಡಳಿ. ವರ್ಷದ ಹತ್ತನೇ ಒಂದು ಭಾಗ ಒಂದೊಂದು ಪಂಗಡದ ಐವತ್ತು ಜನರ ಪಾಳಿ. ಆ ಐವತ್ತರಲ್ಲಿ ದಿನಕ್ಕೊಬ್ಬ ಮುಖ್ಯಸ್ಥ, ಅವನೂ ಚೀಟಿಯಿಂದಲೇ. ಒಂದು ಹಗಲು, ಒಂದು ರಾತ್ರಿ, ರಾಜ್ಯದ ಹಣ ಮತ್ತು ಕಾಗದಪತ್ರ ಇಟ್ಟ ಗುಡಿಗಳ ಬೀಗದ ಕೈ, ರಾಜ್ಯದ ಮುದ್ರೆ, ಎರಡೂ ಅವನ ಕೈಯಲ್ಲಿ. ಜೀವಮಾನದಲ್ಲಿ ಒಂದೇ ಸಲ. ಮಾರನೇ ದಿನ ಕೀಲಿಕೈ ಇನ್ನೊಬ್ಬನಿಗೆ. ಮಂಡಳಿಯಲ್ಲೂ ಅಷ್ಟೇ, ಒಬ್ಬ ಎರಡು ವರ್ಷಕ್ಕಿಂತ ಹೆಚ್ಚು ಕೂರುವಂತಿಲ್ಲ. ಹಾಗಾಗಿ ಹತ್ತು ವರ್ಷದಲ್ಲಿ ಕಡಿಮೆ ಅಂದರೂ 2,500 ಬೇರೆ ಬೇರೆ ಜನ ರಾಜ್ಯದ ಕೆಲಸ ಒಳಗಿನಿಂದ ನೋಡಿರುತ್ತಾರೆ, ಸುಮಾರು 30,000 ಗಂಡು ನಾಗರಿಕರಿದ್ದ ಊರಿನಲ್ಲಿ!

ಅಲ್ಲಿನವನಿಗೆ ಅಧಿಕಾರ ಅಂದರೆ ಸರದಿ. ನಮಗೆ ಓಟಿದೆ, ಸರದಿ ಇಲ್ಲ. ಇತ್ತೀಚೆಗೆ ಐರ್ಲೆಂಡ್ ಅದನ್ನು ಸ್ವಲ್ಪ ವಾಪಸ್ ತಂದಿತು. ಯಾದೃಚ್ಛಿಕವಾಗಿ ಆರಿಸಿದ 99 ಸಾಮಾನ್ಯ ಜನ, ಒಬ್ಬ ನ್ಯಾಯಾಧೀಶೆ ಅಧ್ಯಕ್ಷೆ. ಗರ್ಭಪಾತದ ಪ್ರಶ್ನೆಯನ್ನು ತಿಂಗಳುಗಟ್ಟಲೆ ಕೂತು ಚರ್ಚಿಸಿದರು. 2018ರ ಜನಮತದಲ್ಲಿ ದೇಶ ಅವರ ಸಲಹೆಯ ಕಡೆಗೇ ಹೋಯಿತು. ಇದು ಇನ್ನೂ ಬೆಳೆಯಬೇಕು ಅಂತ ನನಗೆ ತುಂಬ ಆಸೆ.

ಉತ್ತರ 2: ಲೆಕ್ಕ ತಪಾಸಣೆಯವಳು

ಮೇಲಿನವರು ಬರೆದದ್ದು ಓದಿ ಖುಷಿಯಾಯಿತು, ಆದರೆ ಒಂದು ಮಾತು ಕೇಳಲೇಬೇಕು ಸರ್. ಬೀಗದ ಕೈ ದಿನಕ್ಕೊಬ್ಬನ ಕೈಗೆ ಹೋದರೆ, ಯಾವ ಪೆಟ್ಟಿಗೆಯಲ್ಲಿ ಯಾವ ಕಾಗದ ಇದೆ ಅಂತ ನೆನಪಿಟ್ಟುಕೊಂಡವರು ಯಾರು? ನಾನು ಲೆಕ್ಕ ತಪಾಸಣೆ ಕೆಲಸದವಳು. ಪ್ರತಿ ವರ್ಷ ಎಲ್ಲರೂ ಬದಲಾಗುವ ಕಚೇರಿ ಹೇಗಿರುತ್ತದೆ ಅಂತ ನನಗೆ ಗೊತ್ತು. ಬದಲಾಗದವರು ಯಾರೋ ಒಬ್ಬರು ಇರಲೇಬೇಕು.

ಇದ್ದರು. ಗುಲಾಮರು. ಯಾರದೋ ಮನೆಯವರಲ್ಲ, ರಾಜ್ಯವೇ ಕೊಂಡುಕೊಂಡವರು. ದಾಖಲೆ ಮನೆ ನೋಡಿಕೊಳ್ಳುವವರು, ಲೆಕ್ಕದ ಪ್ರತಿ ಬರೆಯುವವರು, ಬೀದಿ ಕಾಯುವ ಸಿಥಿಯಾದ ಬಿಲ್ಲುಗಾರರು. ಅಗೋರಾದಲ್ಲೇ ಸಿಕ್ಕ ಕ್ರಿ.ಪೂ. 375ರ ಒಂದು ಕಾನೂನಿನ ಕಲ್ಲಿದೆ. ಬೆಳ್ಳಿ ನಾಣ್ಯ ಅಸಲಿಯೋ ಖೋಟಾವೋ ನೋಡುವ ಕೆಲಸ ಒಬ್ಬ ರಾಜ್ಯದ ಗುಲಾಮನದು. ಸಂತೆಯಲ್ಲಿ ಹಣ ವಿನಿಮಯದವರ ಮೇಜುಗಳ ನಡುವೆ ಅವನು ಕೂರಬೇಕು. ಒಳಗೆ ಕಂಚೋ ಸೀಸವೋ ಇದ್ದರೆ ಅಲ್ಲೇ ಅಡ್ಡಕ್ಕೆ ಸೀಳಿ, ದೇವಮಾತೆಗೆ ಸೇರಿದ್ದೆಂದು ಮಂಡಳಿಗೆ ಒಪ್ಪಿಸಬೇಕು. ಅವನು ಆ ನಾಣ್ಯ ಒಳ್ಳೆಯದು ಅಂದಮೇಲೂ ಒಪ್ಪದ ವ್ಯಾಪಾರಿಗೆ ಆ ದಿನದ ಸರಕೆಲ್ಲ ಜಪ್ತಿ. ಅಷ್ಟು ತೂಕ ಅವನ ಮಾತಿಗೆ. ಆದರೆ ಅವನೇ ಜಾಗದಲ್ಲಿ ಕೂರದಿದ್ದರೆ? ಐವತ್ತು ಚಾವಟಿ ಏಟು. ಅದೂ ಅದೇ ಕಲ್ಲಿನ ಮೇಲೆ ಬರೆದಿದೆ.

ಹೊಲ ಉಳುವವನು ಒಂದು ವರ್ಷ ಮಂಡಳಿಗೆ ಬಂದು ಹೋಗಬಹುದಾಗಿತ್ತು ಅಂದರೆ, ಕೆಲಸ ಗೊತ್ತಿದ್ದವನನ್ನು ಕಟ್ಟಿಹಾಕಿ ಕೂರಿಸಿದ್ದರು. ನಾಗರಿಕರ ಸರದಿ ಅವನ ಬೆನ್ನಿನ ಮೇಲೆ ನಡೆಯುತ್ತಿತ್ತು. ಇವತ್ತು ಆ ಕೆಲಸ ಮಾಡುವ ನನಗೆ ಸಂಬಳ ಇದೆ, ಓಟಿದೆ, ಬೇಡವಾದರೆ ರಾಜೀನಾಮೆ ಕೊಟ್ಟು ಎದ್ದು ಹೋಗಬಹುದು. ಅಥೆನ್ಸಿಗೂ ನಮಗೂ ಇರುವ ವ್ಯತ್ಯಾಸದಲ್ಲಿ ನನಗೆ ಇದೇ ಎಲ್ಲಕ್ಕಿಂತ ದೊಡ್ಡದು.

ಒಂದು ವಿಷಯದಲ್ಲಿ ಮಾತ್ರ ನನಗೆ ಅವರ ಮೇಲೆ ನಿಜವಾದ ಗೌರವ. ಹುದ್ದೆ ಬಿಡುವ ಪ್ರತಿಯೊಬ್ಬನೂ ಲೆಕ್ಕ ಒಪ್ಪಿಸಬೇಕಿತ್ತು. ಹಣ ಮುಟ್ಟದವನೂ 'ನಾನು ಮುಟ್ಟಿಲ್ಲ' ಅಂತ ಬರೆದು ಕೊಡಬೇಕು. ಲೆಕ್ಕ ಚುಕ್ತಾ ಆಗುವ ತನಕ ಅವನು ದೇಶ ಬಿಡುವಂತಿಲ್ಲ, ಉಯಿಲು ಬರೆಯುವಂತಿಲ್ಲ, ದತ್ತು ಹೋಗುವಂತಿಲ್ಲ, ಆಸ್ತಿಯನ್ನು ದೇವರಿಗೆ ಅರ್ಪಿಸುವಂತೆಯೂ ಇಲ್ಲ! ದೇವರ ಹೆಸರಲ್ಲಿ ಆಸ್ತಿ ಬಚ್ಚಿಡುವ ದಾರಿಯನ್ನೂ ಆಗಲೇ ಯೋಚಿಸಿ ಮುಚ್ಚಿದ್ದರು.

ಉತ್ತರ 3: ಹಳೇ ವಕೀಲ

ಟೀಚರಮ್ಮ, ಅಥೆನ್ಸಿನ ದೊಡ್ಡ ನಾಯಕ ಪೆರಿಕ್ಲೀಸನ ಮಗನ ಕಥೆಯನ್ನೂ ಮಕ್ಕಳಿಗೆ ಹೇಳಿ. ಬಹುಮತ ಏನು ಮಾಡಬಲ್ಲದು ಅನ್ನುವುದು ಅದರಲ್ಲಿದೆ.

ಕ್ರಿ.ಪೂ. 451ರಲ್ಲಿ ಪೆರಿಕ್ಲೀಸನೇ ಒಂದು ಕಾನೂನು ತಂದ: ತಂದೆ ತಾಯಿ ಇಬ್ಬರೂ ಅಥೆನ್ಸಿನವರಾದರೆ ಮಾತ್ರ ಮಗ ನಾಗರಿಕ. ಆಮೇಲೆ ಅವನು ಬದುಕು ಹಂಚಿಕೊಂಡದ್ದು ಮಿಲೆಟಸ್ಸಿನಿಂದ ಬಂದ ಅಸ್ಪಾಸಿಯಾಳ ಜೊತೆ. ಅವರ ಮಗ ತನ್ನಪ್ಪನ ಕಾನೂನಿನಿಂದಲೇ ಹೊರಗಿನವನಾದ. ಪ್ಲೇಗು ಬಂದು ಮೊದಲ ಹೆಂಡತಿಯ ಇಬ್ಬರು ಗಂಡು ಮಕ್ಕಳೂ ಸತ್ತಾಗ ಪೆರಿಕ್ಲೀಸ್ ಜನರ ಮುಂದೆ ಬೇಡಿಕೊಂಡ. ಜನ ಕನಿಕರಪಟ್ಟು ಈ ಮಗನನ್ನು ನಾಗರಿಕ ಮಾಡಿದರು. ಹುಡುಗ ಬೆಳೆದು ಸೇನಾಪತಿಯಾದ.

ಕ್ರಿ.ಪೂ. 406ರಲ್ಲಿ ಅರ್ಗಿನುಸೈ ದ್ವೀಪಗಳ ಹತ್ತಿರ ಅಥೆನ್ಸಿನ ನೌಕಾಪಡೆ ಗೆದ್ದಿತು. ಆದರೆ ಬಿರುಗಾಳಿ ಎದ್ದು, ಒಡೆದ ಹಡಗುಗಳ ಮೇಲಿದ್ದ ತಮ್ಮವರನ್ನು ಎತ್ತಿಕೊಳ್ಳಲು ಆಗಲಿಲ್ಲ. ಊರಲ್ಲಿ ಜನ ಕೆರಳಿದರು. ಒಬ್ಬೊಬ್ಬನನ್ನೂ ಬೇರೆ ಬೇರೆ ವಿಚಾರಣೆ ಮಾಡಬೇಕೆಂಬುದು ರೂಢಿಯ ನ್ಯಾಯ. ಎಂಟು ಸೇನಾಪತಿಗಳನ್ನೂ ಒಂದೇ ಮತದಲ್ಲಿ ತೀರ್ಮಾನಿಸಿ ಅಂತ ಸೂಚನೆ ಬಂತು. ಕಾನೂನು ಹಿಡಿದು ತಡೆಯಲು ಹೋದವರ ಮೇಲೆ ಜನ ಕೂಗಾಡಿದರು: ಪ್ರಜೆಗಳು ಬಯಸಿದ್ದನ್ನು ಮಾಡಲು ಬಿಡದಿದ್ದರೆ ಅದೆಂಥ ಅನ್ಯಾಯ! ಅವತ್ತಿನ ಪಾಳಿಯ ಐವತ್ತರಲ್ಲಿ ಕೊನೆಯ ತನಕ ಒಪ್ಪದೆ ನಿಂತವನು ಸಾಕ್ರೆಟಿಸ್. ಊರಿಗೆ ಮರಳಿದ್ದ ಆರು ಜನರನ್ನೂ ಕೊಂದರು. ಪೆರಿಕ್ಲೀಸನ ಮಗನೂ ಅವರಲ್ಲಿದ್ದ.

ಸ್ವಲ್ಪ ದಿನಕ್ಕೇ ಜನ ಪಶ್ಚಾತ್ತಾಪಪಟ್ಟರು. ನಡುವೆ ಉರುಳಿದ್ದ ಪ್ರಜಾಪ್ರಭುತ್ವ ಕ್ರಿ.ಪೂ. 403ರಲ್ಲಿ ಮತ್ತೆ ನಿಂತಾಗ ಮಂಡಳಿಯದಾಗಲಿ ನಾಗರಿಕರೆಲ್ಲ ಸೇರುವ ಸಭೆಯದಾಗಲಿ ಯಾವ ನಿರ್ಣಯವೂ ಕಾನೂನಿಗಿಂತ ಮೇಲಲ್ಲ ಅಂತ ಬರೆದಿಟ್ಟರು. ನಲವತ್ತು ವರ್ಷ ಕೋರ್ಟಿನಲ್ಲಿ ಕಳೆದವನು ನಾನು. ಸಂವಿಧಾನ ಯಾಕೆ ಬೇಕು ಅಂತ ಕಿರಿಯರು ಕೇಳಿದಾಗಲೆಲ್ಲ ಆ ಆರು ಜನರ ಹೆಸರಲ್ಲೇ ಉತ್ತರ ಕೊಟ್ಟಿದ್ದೇನೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಸಾರೆ ವಂದನೆ. ನಿನ್ನೆ ತರಗತಿಯಲ್ಲಿ ಎಲ್ಲರಿಗೂ ಒಂದೊಂದು ರಟ್ಟಿನ ಚೀಟಿ ಕೊಟ್ಟು ಹೆಸರು ಬರೆಸಿದೆ. ಆಮೇಲೆ ಹೆಣ್ಣುಮಕ್ಕಳ ಚೀಟಿ ಪಕ್ಕಕ್ಕಿಡಿಸಿದೆ. ಉಳಿದ ಹುಡುಗರಲ್ಲೂ ಹೊರಗಿನವರು, ಗುಲಾಮರು ಅಂತ ವಿಂಗಡಿಸಿದೆ. ಡಬ್ಬದಲ್ಲಿ ಕೊನೆಗೆ ಏಳು ಚೀಟಿ ಉಳಿದವು. ಎತ್ತಿದಾಗ ಯಾರ ಕಣ್ಣಿಗೂ ಬೀಳದಂತೆ ಕೂರುವ ಹುಡುಗನೊಬ್ಬನ ಹೆಸರು ಬಂತು. ತರಗತಿಯ ಬೀಗದ ಕೈ ಒಂದು ದಿನಕ್ಕೆ ಅವನಿಗೆ ಕೊಟ್ಟೆ. ಸಂಜೆ ತನಕ ಅದನ್ನು ಮುಷ್ಟಿಯಲ್ಲೇ ಹಿಡಿದುಕೊಂಡಿದ್ದ.

ಆ ಹುಡುಗಿ ನಾಣ್ಯ ನೋಡುವವನ ಕಥೆ ಮುಗಿಯುವ ತನಕ ಸುಮ್ಮನಿದ್ದಳು. ಆಮೇಲೆ ಕೇಳಿದಳು, "ಅವನ ಹೆಸರೇನು ಮಿಸ್?"

ಕಾನೂನು ಮಂಡಿಸಿದವನ ಹೆಸರು ನಿಕೋಫೋನ್, ಅದು ಕಲ್ಲಿನ ಮೇಲಿದೆ. ನಾಣ್ಯ ನೋಡುವವನ ಹೆಸರು ಅದರಲ್ಲಿ ಬರೆದಿಲ್ಲ ಅಂದೆ.

ಅವಳು ಇನ್ನೊಂದು ರಟ್ಟು ಕೇಳಿ ಇಸಿದುಕೊಂಡಳು. 'ನಾಣ್ಯ ನೋಡುವವನು' ಅಂತ ಕೆಳಗೆ ಬರೆದು, ಹೆಸರಿನ ಜಾಗ ಖಾಲಿ ಬಿಟ್ಟು, ಪಕ್ಕಕ್ಕಿಟ್ಟಿದ್ದ ತನ್ನ ಚೀಟಿಯ ಜೊತೆ ಸೇರಿಸಿ ಎರಡನ್ನೂ ಡಬ್ಬಕ್ಕೆ ಹಾಕಿದಳು.